ಹಕ್ಕಿಗೂ ಲೆನ್ಸಿಗೂ ನಡುವಿನ ಗಾಳಿ

150–600 ಮಿಲಿಮೀಟರ್ ಜೂಮ್ ಲೆನ್ಸ್ ಕೊಂಡವರ ಮೊದಲ ದೂರು ಹೆಚ್ಚುಕಮ್ಮಿ ಒಂದೇ: ಚಿತ್ರ ಮಸುಕು, ಲೆನ್ಸೇ ಸರಿಯಿಲ್ಲ. ಕಾರವಾರದ ಕಡಲತೀರದಲ್ಲಿ, ಕಾಳಿ ನದಿಯ ಅಳಿವೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದವರಿಂದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಲೆನ್ಸನ್ನು ಅಂಗಡಿಗೆ ಮರಳಿಸುವ ಮುನ್ನ ಚಿತ್ರ ತೆಗೆದ ಹೊತ್ತನ್ನು ನೋಡಿ ಎಂಬುದು ನನ್ನ ಸಲಹೆ. ಬೆಳಿಗ್ಗೆ ಏಳು ಗಂಟೆಯೋ, ಹನ್ನೊಂದೋ?

ಮೊದಲು ಸ್ವಲ್ಪ ಲೆಕ್ಕ. ಕ್ಯಾಮೆರಾದ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ 4 ಮೈಕ್ರಾನ್ (ಮಿಲಿಮೀಟರಿನ ಸಾವಿರದ ನಾಲ್ಕು ಪಾಲು) ಎಂದುಕೊಳ್ಳೋಣ. 600 ಮಿಲಿಮೀಟರಿನಲ್ಲಿ 30 ಮೀಟರ್ ದೂರದ ಹಕ್ಕಿಯನ್ನು ನೋಡಿದರೆ ಆ ಒಂದು ಪಿಕ್ಸೆಲ್ಲಿಗೆ ದಕ್ಕುವುದು ಹಕ್ಕಿಯ ಮೈಯ 0.2 ಮಿಲಿಮೀಟರ್ ಮಾತ್ರ. ಗರುಡವೊಂದು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾರಿದರೆ 1/1000 ಸೆಕೆಂಡಿನಲ್ಲಿ ಒಂದು ಸೆಂಟಿಮೀಟರ್ ಸರಿದಿರುತ್ತದೆ. ಅಂದರೆ 50 ಪಿಕ್ಸೆಲ್! ಹಕ್ಕಿಯ ಜೊತೆಗೇ ಲೆನ್ಸನ್ನೂ ತಿರುಗಿಸುತ್ತ ಹೋದರೆ ಮೈ ಸ್ಪಷ್ಟವಾಗಿ ಸಿಗುತ್ತದೆ. ಬಡಿಯುವ ರೆಕ್ಕೆಯ ತುದಿಗೆ ಮಾತ್ರ 1/2000 ಅಥವಾ ಅದಕ್ಕಿಂತ ವೇಗದ ಶಟರ್ ಬೇಕು. ಲೆನ್ಸಿನೊಳಗಿನ ಕಂಪನ ನಿವಾರಣೆ ಇಲ್ಲಿ ನೆರವಿಗೆ ಬರುವುದಿಲ್ಲ. 1995ರಲ್ಲಿ ಕ್ಯಾನನ್ ಕಂಪನಿಯ 75–300 ಲೆನ್ಸಿನೊಂದಿಗೆ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಬಂದ ಈ ವ್ಯವಸ್ಥೆ ನಮ್ಮ ಕೈನಡುಕವನ್ನು ಸರಿಪಡಿಸುತ್ತದೆಯೇ ಹೊರತು ಹಕ್ಕಿಯ ಚಲನೆಯನ್ನಲ್ಲ.

ಫೋಕಸ್ ಕೂಡ ಅಷ್ಟೇ ಬಿಗಿ. 600 ಮಿಲಿಮೀಟರ್, ಎಫ್/6.3 ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಾದಷ್ಟೂ ಕಿರಿದು), ಹತ್ತು ಮೀಟರ್ ದೂರ: ಇಷ್ಟಾದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಹತ್ತು ಸೆಂಟಿಮೀಟರ್. ನಮ್ಮತ್ತ ಮುಖ ಮಾಡಿ ಕುಳಿತ ಮಿಂಚುಳ್ಳಿಯ ಎದೆಯ ಮೇಲೆ ಫೋಕಸ್ ಕೂತರೆ ಕಣ್ಣಿನ ಹೊಳಪು ಕಳೆದುಹೋಗಬಹುದು. ಫೋಕಸ್ ಬಿಂದು ಕಣ್ಣಿನ ಮೇಲೇ ಇರಲಿ.

ಇವೆಲ್ಲವನ್ನೂ ಸರಿಮಾಡಿಕೊಂಡು, ಟ್ರೈಪಾಡ್ ಹೂಡಿ, ಶಟರ್ ವೇಗ ಏರಿಸಿದ ಮೇಲೂ ಮಸುಕು ಉಳಿಯುತ್ತದಲ್ಲ, ಅದರ ಕಡೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಅದು ಗಾಳಿಯ ಕೆಲಸ.

ಬಿಸಿಲೇರಿದ ಮೇಲೆ ಮರಳಿನ ಮೇಲೆ ಬರಿಗಾಲಿಡಲಾಗದು. ಆ ಮರಳಿಗೆ ತಾಗಿದ ಗಾಳಿ ಕಾದು ಮೇಲೇಳುತ್ತದೆ, ತಂಪಾದ ಗಾಳಿ ಅದರ ಜಾಗಕ್ಕೆ ಇಳಿಯುತ್ತದೆ. ಒಂದು ಡಿಗ್ರಿ ಬಿಸಿಯೇರಿದರೆ ಗಾಳಿಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಗುಣದ ಅಳತೆ, ಇಳಿಯುವುದು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಬರಿಗಣ್ಣಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಮೇಲೆ ಹೇಳಿದ ಪಿಕ್ಸೆಲ್ ನೋಡುವ ಕೋನವೂ ಒಂದು ರೇಡಿಯನ್ನಿನ (ಸುಮಾರು 57 ಡಿಗ್ರಿ ಕೋನ) ಹತ್ತು ಲಕ್ಷದ ಏಳು ಪಾಲಷ್ಟೇ! ಬಿಸಿ ಮತ್ತು ತಂಪು ಗಾಳಿಯ ನೂರಾರು ಗುಳ್ಳೆಗಳನ್ನು ದಾಟಿ ಬರುವ ಬೆಳಕು ಪ್ರತಿಯೊಂದರಲ್ಲೂ ಒಂದಿಷ್ಟು ಬಾಗುತ್ತ ಬಂದರೆ ಗರಿಯ ಎಳೆಗಳು ಒಂದರ ಮೇಲೊಂದು ಕಲಸಿಹೋಗುತ್ತವೆ.

ಇದನ್ನು ಕಣ್ಣಾರೆ ನೋಡಬಹುದು. ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, ದೂರದಲ್ಲಿ ದೋಣಿ ಕಟ್ಟಿದ ಗೂಟವೊಂದನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ನೋಡಿ. ಗೂಟದ ಅಂಚು ಕಾದ ಕಾವಲಿಯ ಮೇಲಿನ ಗಾಳಿಯ ಹಾಗೆ ತೊನೆಯುತ್ತಿರುತ್ತದೆ. ಒಂದು ಕ್ಷಣ ನೇರ, ಮರುಕ್ಷಣ ಬಳುಕು. ಅದೇ ಸಾಲಿನಲ್ಲಿ ನಿಂತ ಗೊರವದ ಕಡ್ಡಿಯಂಥ ಕಾಲು ಎರಡು ತುಂಡಾದಂತೆ ಕಾಣುತ್ತದೆ. ಆಟೊಫೋಕಸ್ ಕೂಡ ಯಾವ ಅಂಚನ್ನು ಹಿಡಿಯಬೇಕೆಂದು ತಿಳಿಯದೆ ಹಿಂದೆಮುಂದೆ ಓಡಾಡುತ್ತದೆ. ಒಂದೇ ಹೊಂದಾಣಿಕೆಯಲ್ಲಿ ಒಂದರ ಹಿಂದೊಂದು ತೆಗೆದ ಚಿತ್ರಗಳಲ್ಲಿ ಕೆಲವು ಸ್ಪಷ್ಟವಾಗಿದ್ದು ಕೆಲವು ಮಸುಕಾಗಿದ್ದರೆ, ಗಾಳಿಯನ್ನೇ ಮೊದಲು ಅನುಮಾನಿಸಬೇಕು. ಇಂಥ ಹೊತ್ತಿನಲ್ಲಿ ಅಪರ್ಚರ್ ಕಿರಿದು ಮಾಡಿ ಪ್ರಯೋಜನವಿಲ್ಲ. ಎಫ್/11 ದಾಟಿದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವ ವಿವರ್ತನೆಯೂ ಸೇರಿ ಚಿತ್ರ ಇನ್ನಷ್ಟು ಮೆದುವಾಗುತ್ತದೆ. ಸಾಲಾಗಿ ಹಲವು ಚಿತ್ರ ತೆಗೆದು, ಗಾಳಿ ಅರೆಕ್ಷಣ ತಣ್ಣಗಿದ್ದಾಗ ಸಿಕ್ಕಿದ್ದನ್ನು ಆರಿಸಿಕೊಳ್ಳಬಹುದು. ಗ್ರಹಗಳ ಚಿತ್ರ ತೆಗೆಯುವ ಖಗೋಳ ಆಸಕ್ತರು ಮಾಡುವುದೂ ಇದನ್ನೇ.

ಅದಕ್ಕಿಂತ ಒಳ್ಳೆಯದು ಬೆಳಗಿನ ಹೊತ್ತು. ನಮ್ಮ ಕರಾವಳಿಯಲ್ಲಿ ಸೂರ್ಯ ಘಟ್ಟದ ಕಡೆಯಿಂದ ಏರುತ್ತಾನೆ, ಕಡಲು ಪಶ್ಚಿಮಕ್ಕಿದೆ. ಬೆಳಿಗ್ಗೆ ಕಡಲಿಗೆ ಮುಖ ಮಾಡಿ ನಿಂತರೆ ಬೆಳಕು ನಮ್ಮ ಬೆನ್ನ ಹಿಂದಿನಿಂದ ಬಂದು ಸೀಗಲ್‌ಗಳ ಮೈಮೇಲೆ ನೇರವಾಗಿ ಬೀಳುತ್ತದೆ. ರಾತ್ರಿಯೆಲ್ಲ ತಣಿದ ಮರಳು ಇನ್ನೂ ಕಾದಿರುವುದಿಲ್ಲ. ಹಕ್ಕಿಯ ಕಣ್ಣಿನ ಮಟ್ಟ ಸಿಗಲೆಂದು ಮರಳಿನ ಮೇಲೆ ಬೋರಲು ಮಲಗುವುದಾದರೆ ಅದಕ್ಕೆ ಇದೇ ಸಮಯ. ಬಿಸಿಲೇರಿದ ಮೇಲೆ ಮಲಗಿದರೆ ನೋಟದ ಗೆರೆ ಬಿಸಿಗಾಳಿಯ ಪದರದೊಳಗೇ ಹಾಯುತ್ತದೆ. ಆಗ ಎದ್ದು ನಿಲ್ಲುವುದೇ ಲೇಸು.

ದೂರ ಕಡಿಮೆಯಾದರೆ ನಡುವಿನ ಗಾಳಿಯೂ ಕಡಿಮೆ. ಹಾಗೆಂದು ಹಕ್ಕಿಯನ್ನು ಅಟ್ಟಿಕೊಂಡು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಾವಿರಾರು ಕಿಲೋಮೀಟರ್ ಹಾರಿಬಂದ ವಲಸೆ ಗೊರವಗಳಿಗೆ ಹೊಟ್ಟೆ ತುಂಬಿಸಿಕೊಳ್ಳಲು ಸಿಗುವುದು ಇಳಿತದ ಕೆಲವೇ ತಾಸು. ಪ್ರತಿ ಸಲ ಎದ್ದು ಹಾರಿದಾಗಲೂ ಅವು ತಿಂದದ್ದರಲ್ಲಿ ಒಂದು ಪಾಲು ಉರಿದುಹೋಗುತ್ತದೆ. ಸಮುದ್ರವೇ ಅವನ್ನು ನಮ್ಮ ಬಳಿಗೆ ತರುವಾಗ ಅಟ್ಟುವ ಅಗತ್ಯವಾದರೂ ಏನು? 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆಯಲ್ಲಿ ಇಳಿತದ ವೇಳೆ ಹಕ್ಕಿಗಳು ಕೆಸರುಬಯಲಿನ ಆಚೆ ಅಂಚಿನಲ್ಲಿ, ಬಳಚು ಹೆಕ್ಕುವ ಹೆಂಗಸರಿಗಿಂತ ದೂರದಲ್ಲಿ ಚದುರಿರುತ್ತವೆ. ನೀರು ಏರತೊಡಗಿದಂತೆ ಹೆಜ್ಜೆಹೆಜ್ಜೆಗೆ ದಡದತ್ತ ಸರಿಯುತ್ತವೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ನೀರು ಏರುವ ದಿನಗಳನ್ನು ಉಬ್ಬರದ ಪಟ್ಟಿ ನೋಡಿ ಮೊದಲೇ ಗುರುತಿಸಿಟ್ಟುಕೊಳ್ಳಬಹುದು. ನೀರು ಬರುವ ದಾರಿಯ ಪಕ್ಕ, ಅರ್ಧ ಗಂಟೆ ಮೊದಲೇ ಹೋಗಿ ಅಲುಗಾಡದೆ ಕುಳಿತಿರಬೇಕು, ಅಷ್ಟೇ. ರಾತ್ರಿ ಎಸಿ ಕೋಣೆಯಲ್ಲಿ ತಂಗಿದ್ದರೆ ಲೆನ್ಸನ್ನು ಚೀಲದೊಳಗೇ ಇಟ್ಟು ಮುಕ್ಕಾಲು ಗಂಟೆ ಹೊರಗಿನ ಬೆಚ್ಚಗಿನ ಗಾಳಿಗೆ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಕಡಲ ತೇವವೆಲ್ಲ ತಣ್ಣನೆಯ ಗಾಜಿನ ಮೇಲೆ ಇಬ್ಬನಿಯಾಗಿ ಕೂರುತ್ತದೆ.