ಗಾಜಿನ ಬುಡ್ಡ್ಯಾಗಿನ ಕಿತ್ತಳೆ ಅಂಕಿ: ನಿಂತುಹೋದ ನಿಕ್ಸಿ ಟ್ಯೂಬ್ ಮತ್ತ ಹೆಂಗ ತಯಾರಾಗಾಕತ್ತಿತು

ನಾಲ್ಕು ವರ್ಷದ ಹಿಂದ ಗಂಗಾವತಿ ಗುಜರಿ ಅಂಗಡ್ಯಾಗ ನನಗೊಂದು ಹಳೇ ಫ್ರೀಕ್ವೆನ್ಸಿ ಕೌಂಟರ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿತೈತಿ ಅಂತ ಎಣಿಸಿ ಅಂಕ್ಯಾಗ ತೋರ್ಸೋ ಯಂತ್ರ) ಸಿಕ್ತು, ಯಾವುದೋ ಕಾಲೇಜಿನ ಲ್ಯಾಬಿಂದ ಹರಾಜಾಗಿ ಬಂದಿದ್ದು, ಅಕ್ಕಿ ಮಿಲ್ಲಿನ ಸುಟ್ಟ ಮೋಟರ್‌ಗಳ ಪಕ್ಕ ಬಿದ್ದಿತ್ತು. ತೂಕದ ಲೆಕ್ಕಕ್ಕ ತಗೊಂಡೆ. ಕೊಪ್ಪಳಕ್ಕ ತಂದು ಧೂಳು ಝಾಡ್ಸಿ, ಉಬ್ಬಿದ ಕೆಪಾಸಿಟರ್ ನಾಲ್ಕು ಬದ್ಲಿ ಮಾಡಿ ಸ್ವಿಚ್ ಒತ್ತಿದ್ರ ಆರು ಟ್ಯೂಬಿನ್ಯಾಗ ಐದು ಹತ್ತಿದ್ವು. ಆರನೇದು ಹತ್ತಲಿಲ್ಲ. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ್ರ ಕೆಳಗ ಕಾಲಿನ ಬುಡಕ್ಕ ಕೂದಲೆಳಿಯಷ್ಟು ಸೀಳು, ಒಳಗಿನ ಗ್ಯಾಸ್ ಎಂದೋ ಹೋಗಿತ್ತು.

ಅದನ್ನ ಹಿಡ್ಕೊಂಡು ಹುಬ್ಬಳ್ಳಿ ತನಕ ಅಂಗಡಿ ಅಂಗಡಿ ಸುತ್ತಿದೆ. ಒಬ್ಬ ಅಂಗಡಿಯವ್ರು ತಿರುಗ್ಸಿ ಮುರುಗ್ಸಿ ನೋಡಿ, "ಇದೇನ್ರಿ ಸರ, ರೇಡಿಯೋ ವಾಲ್ವಾ? ಇದೆಲ್ಲಾ ಬಂದಾಗಿ ಭಾಳ ವರ್ಷ ಆತು, ಎಲ್‌ಇಡಿ ಹಾಕ್ಬಿಡ್ರಿ" ಅಂದ್ರು. ಇದು ಅಂಕಿ ತೋರ್ಸೋ ನಿಕ್ಸಿ ಟ್ಯೂಬ್. ಅವ್ರ ಮಾತು ಸುಳ್ಳಲ್ಲ, ಆದ್ರ ಪೂರ್ತಿ ಖರೇನೂ ಅಲ್ಲ. ಇದು ಬಂದೂ ಆಗಿತ್ತು, ಈಗ ಒಂದೆರಡು ಕಡೆ ಹೊಸದಾಗಿ ತಯಾರಾಗಾಕೂ ಹತ್ತೈತಿ.

ಇದು ಹೆಂಗ ಕೆಲ್ಸ ಮಾಡತೈತಿ ಅಂತ ತಿಳ್ಕೊಳ್ಳಾಕ ಮನ್ಯಾಗಿನ ಟೆಸ್ಟರ್ ಸಾಕು. ಪ್ಲಗ್ಗಿಗೆ ಹಚ್ಚಿದ್ರ ಹಿಡಿಕಿ ಒಳಗ ಕಿತ್ತಳೆ ಬಣ್ಣದ ಸಣ್ಣ ದೀಪ ಹತ್ತತೈತಲ್ಲ, ಅದು ನಿಯಾನ್ ದೀಪ, ಅದರಾಗ ಫಿಲಮೆಂಟ್ ಇಲ್ಲ, ಏನೂ ಕಾಯಂಗಿಲ್ಲ, ಕಡಿಮಿ ಒತ್ತಡದ ನಿಯಾನ್ ಗ್ಯಾಸಿನ್ಯಾಗ ಕರೆಂಟ್ ಹರಿದು ಲೋಹದ ಕಡ್ಡಿ ಸುತ್ತ ಗ್ಯಾಸೇ ಹೊಳಿತೈತಿ. ನಿಕ್ಸಿನೂ ಅದೇ. ಬರೇ ಕಡ್ಡಿ ಬದ್ಲಿ ತೆಳ್ಳನ ತಗಡಿನ್ಯಾಗ 0 ರಿಂದ 9 ರ ತನಕ ಅಂಕಿ ಕತ್ತರಿಸಿ ಒಂದರ ಹಿಂದ ಒಂದು ನಿಲ್ಲಿಸ್ಯಾರ, ಮುಂದ ಸಣ್ಣ ಜಾಳಗಿ ಇಟ್ಟಾರ. ಜಾಳಗಿಗೆ 170-180 ವೋಲ್ಟ್ ಡಿಸಿ ಕೊಟ್ಟು ಯಾವ ಅಂಕಿಯ ಕಾಲನ್ನ ಗ್ರೌಂಡಿಗೆ (ಮೈನಸ್ ಕಡೆಗೆ) ಜೋಡಿಸ್ತೀವೋ ಆ ಅಂಕಿ ಮೈತುಂಬ ಹೊಳಿತೈತಿ.

ನಿಯಾನನ್ನ 1898ರಾಗ ಲಂಡನ್ನಿನ್ಯಾಗ ರಾಮ್ಸೆ ಮತ್ತ ಟ್ರಾವರ್ಸ್ ಕಂಡುಹಿಡಿದ್ರು. 1910ರಾಗ ಪ್ಯಾರಿಸ್ಸಿನ ಜಾರ್ಜ್ ಕ್ಲಾಡ್ ಅದರ ದೀಪ ಮಾಡಿ ತೋರಿಸಿದ್ರು. ಅಂಕಿ ತೋರ್ಸೋ ಟ್ಯೂಬ್ ದೊಡ್ಡ ಪ್ರಮಾಣದಾಗ ಮಾರಾಟಕ್ಕ ಬಂದಿದ್ದು 1955ರಾಗ, ಅಮೆರಿಕಾದ ಬರೋಸ್ ಕಂಪನಿಯಿಂದ. ಹೇಡು ಬ್ರದರ್ಸ್ ಅಂತ ಸಣ್ಣ ಟ್ಯೂಬ್ ಕಂಪನಿಯನ್ನ ಬರೋಸ್‌ನವ್ರು ಕೊಂಡಿದ್ರು, ಇದು ಅವ್ರ ಕೆಲ್ಸ. ನ್ಯೂಮರಿಕ್ ಇಂಡಿಕೇಟರ್ ಎಕ್ಸ್‌ಪೆರಿಮೆಂಟಲ್ ನಂಬರ್ ಒನ್ ಅಂತ ಡ್ರಾಯಿಂಗ್ ಮ್ಯಾಲ ಬರೆದಿದ್ದನ್ನ ಚಿಕ್ಕದು ಮಾಡಿ ನಿಕ್ಸಿ ಅಂದ್ರು ಅಂತ ಹೇಳ್ತಾರ. 1961ರಾಗ ಇಂಗ್ಲೆಂಡಿನ ಅನಿಟಾ ಕ್ಯಾಲ್ಕುಲೇಟರ್ ಇದನ್ನೇ ಹಾಕ್ಕೊಂಡು ಬಂತು. ಆಮ್ಯಾಲ ವೋಲ್ಟ್‌ಮೀಟರ್, ಕೌಂಟರ್, ಲ್ಯಾಬಿನ ಗಡಿಯಾರ, ಎಲ್ಲಾದ್ರಾಗೂ ಇದೇ.

1970ರ ದಶಕದಾಗ ಎಲ್‌ಇಡಿ ಬಂತು. ಐದು ವೋಲ್ಟಿಗೆ ಹತ್ತತೈತಿ, ಒಡಿಯಂಗಿಲ್ಲ, ಅಗ್ಗ. 180 ವೋಲ್ಟ್ ಕೇಳೋ ಗಾಜಿನ ಬುಡ್ಡಿ ಯಾರಿಗೆ ಬೇಕು? ಒಂದೊಂದ ಕಾರ್ಖಾನಿ ಬಾಗ್ಲಾ ಹಾಕಿದ್ವು. ಸೋವಿಯತ್ ದೇಶದಾಗ ಮಾತ್ರ 1990ರ ಆಸುಪಾಸಿನ ತನಕ ನಡೀತು, ಐಎನ್-12, ಐಎನ್-14, ಐಎನ್-18 ಅಂತ. ಐಎನ್-12ರಾಗ 5ರ ಅಂಕಿ ನೋಡಿದ್ರ ಅದು 2ನ್ನ ತಲೆಕೆಳಗ ಮಾಡಿ ಕೂರ್ಸಿದ್ದು, ಬ್ಯಾರೆ ಅಚ್ಚು ಮಾಡೋ ಖರ್ಚು ಉಳಿಸ್ಯಾರ. ಆ ದೇಶ ಒಡೆದ ಮ್ಯಾಲ ಗೋದಾಮಿನ್ಯಾಗ ಉಳಿದ ಡಬ್ಬಿಗಳು ಇಂಟರ್ನೆಟ್ಟಿಗೆ ಬಂದ್ವು, ಜನ ಅದರಾಗ ಗಡಿಯಾರ ಮಾಡಾಕ ಹತ್ತಿದ್ರು. 40 ಮಿಮೀ ಅಂಕಿಯ ಐಎನ್-18 ಖಾಲಿ ಆಕ್ಕೋತ ಬಂದಂಗ ರೇಟು ಏರ್ಕೋತ ಹೋತು.

ಇಲ್ಲಿ ಬಂತು ನೋಡ್ರಿ ಅಸಲ ಪ್ರಶ್ನೆ. ಡ್ರಾಯಿಂಗ್ ಅದಾವು, ಹಳೇ ಪೇಟೆಂಟ್ ಅದಾವು, ಒಂದು ಟ್ಯೂಬ್ ಒಡೆದು ಅಳತಿ ತಗೊಂಡ್ರೂ ಆತು, ಹಂಗಾದ್ರ ಹೊಸದು ಮಾಡಾಕ ಯಾಕ ಇಷ್ಟು ವರ್ಷ ಹಿಡೀತು? ನಮ್ಮ ಕೊಪ್ಪಳ ತಾಲೂಕಿನ ಕಿನ್ನಾಳ ಗೊಂಬಿ ನೆನಸ್ಕೊಂಡ್ರ ಇದು ಲಗೂನ ತಿಳಿತೈತಿ. ಹಗುರ ಕಟ್ಟಿಗಿ, ಹುಣಸಿ ಬೀಜದ ಅಂಟು, ಎಲ್ಲಾ ಸಾಮಾನು ಸಿಗತಾವು. ಆದ್ರ ಅಂಟು ಎಷ್ಟು ಗಟ್ಟಿ ಆದಾಗ ಇಳಿಸ್ಬೇಕು, ಎಷ್ಟು ದಪ್ಪ ಹಚ್ಚಿದ್ರ ಒಣಗಿದ ಮ್ಯಾಲ ಸೀಳಂಗಿಲ್ಲ ಅನ್ನೋದು ಚಿತ್ರಗಾರ ಮನೆತನದವ್ರ ಬೆರಳಿನ್ಯಾಗ ಐತಿ, ಎರಡು ತಲಿ ಆ ಕೆಲ್ಸ ಬಿಟ್ರ ಮೂರನೇ ತಲಿ ಅ ಆ ಇ ಈ ಇಂದ ಸುರು ಮಾಡ್ಬೇಕು. ಟ್ಯೂಬ್ ಕಾರ್ಖಾನಿ ಮುಚ್ಚಿದಾಗ ಆಗಿದ್ದೂ ಇದೇ. ಕಾಗದ ಉಳೀತು, ಕೈ ಹೋತು.

ಆ ಕೈಯನ್ನ ಮತ್ತ ಪಳಗಿಸಿದವ್ರಾಗ ಮೊದ್ಲು ಹೇಳ್ಬೇಕಾದ ಹೆಸರು ಜೆಕ್ ದೇಶದ ಡಾಲಿಬೋರ್ ಫಾರ್ನಿ. 2010ರ ದಶಕದ ಮೊದಲ ಭಾಗದಾಗ ಸುರು ಮಾಡಿದ್ರು, ಗಾಜು ಊದೋದನ್ನೂ ತಾವೇ ಕಲ್ತ್ರು, ಬ್ರೆಜೊಲುಪಿ ಅನ್ನೋ ಹಳ್ಳಿಯ ಹಳೇ ಕೋಟಿಮನಿಯಾಗ ವರ್ಕ್‌ಶಾಪ್ ಹೂಡಿದ್ರು. ಪೂರ್ವ ಜರ್ಮನಿಯ ಝಡ್568ಎಂ ಅನ್ನೋ 50 ಮಿಮೀ ಅಂಕಿಯ ದೊಡ್ಡ ಟ್ಯೂಬನ್ನ ಮಾದರಿ ಇಟ್ಕೊಂಡು ಹೊಸದು ಮಾಡಿದ್ರು.

ಕಷ್ಟ ಎಲ್ಲೆಲ್ಲಿ ಐತಿ ಅಂದ್ರ, ಮೊದ್ಲನೇದು ನನ್ನ ಟ್ಯೂಬ್ ಸತ್ತ ಜಾಗದಾಗೇ, ಗಾಜು ಮತ್ತ ತಂತಿ ಕೂಡೋ ಕಡೆ. ಬಿಸಿ ಆದಾಗ ಎರಡೂ ಒಂದೇ ಪ್ರಮಾಣದಾಗ ಹಿಗ್ಗಬೇಕು, ತಣ್ಣಗಾದಾಗ ಒಂದೇ ಪ್ರಮಾಣದಾಗ ಕುಗ್ಗಬೇಕು, ಅದಕ್ಕಂತ ಒಳಗ ನಿಕ್ಕಲ್-ಕಬ್ಬಿಣ ಇಟ್ಟು ಮ್ಯಾಲ ತಾಮ್ರ ಹೊದಿಸಿದ ಡ್ಯೂಮೆಟ್ ತಂತಿ ಬಳಸ್ತಾರ. ಉರಿಯಾಗ ಕೂಡಿಸಿದ ಗಾಜನ್ನ ಭಟ್ಟಿಯಾಗ ನಿಧಾನಕ್ಕ ಆರಿಸ್ಬೇಕು, ಅವಸರ ಮಾಡಿದ್ರ ಇವತ್ತು ಚೊಲೊ ಕಂಡಿದ್ದು ತಿಂಗಳು ಬಿಟ್ಟು ಸೀಳತೈತಿ. ಎರಡನೇದು ಶುದ್ಧಿ. ಬೆರಳಿನ ಎಣ್ಣಿ ಜಿಡ್ಡು ಅಂಕಿ ಮ್ಯಾಲ ಉಳಿದ್ರೂ ಅಲ್ಲಿ ಸರಿಯಾಗಿ ಹೊಳಿಯಂಗಿಲ್ಲ, ಹಂಗಾಗಿ ಪಂಪು ಗಾಳಿ ಎಳೀಬೇಕಾದ್ರೇ ಟ್ಯೂಬನ್ನ ಕಾಸಿ ಲೋಹದ ಒಳಗ ಅಡಗಿದ ಗ್ಯಾಸ್ ಸೈತ ಹೊರಗ ಹಾಕ್ತಾರ, ಆಮ್ಯಾಲನ ನಿಯಾನ್ ತುಂಬಿ, ಗಾಳಿ ಎಳೆದ ಸಣ್ಣ ಗಾಜಿನ ನಳಿಗಿಯನ್ನ ಕರಗ್ಸಿ ಮುಚ್ಚೋದು.

ಮೂರನೇದು ಸವೆತ. ಹೊಳೆಯೋ ಅಂಕಿ ಮ್ಯಾಲ ಗ್ಯಾಸಿನ ಅಯಾನು (ವಿದ್ಯುತ್ ತುಂಬಿದ ಕಣ) ಬಡಿದು ಬಡಿದು ಲೋಹದ ಕಣ ಸಿಡಿತಾವು, ಅವು ಪಕ್ಕದ ಅಂಕಿ ಮ್ಯಾಲ ಕೂತು ಅದನ್ನ ಮಂಕು ಮಾಡತಾವು. ಮೊದಲಿನ ಟ್ಯೂಬುಗಳು 5,000 ತಾಸಿಗೆ ಸೋಲ್ತಿದ್ವು. ಒಂದು ಹನಿ ಪಾದರಸ ಸೇರಿಸೋದು ಗೊತ್ತಾದ ಮ್ಯಾಲ ಆಯುಷ್ಯ ಭಾಳ ಬೆಳೀತು, ಕೊನೆಕೊನೆಗೆ 2,00,000 ತಾಸು ಬರೋವೂ ಇದ್ವು. ಗಡಿಯಾರದಾಗ ತಾಸಿನ ಮೊದಲ ಟ್ಯೂಬಿಗೆ 0, 1, 2 ಬಿಟ್ರ ಬ್ಯಾರೆ ಅಂಕಿ ಬರಂಗೇ ಇಲ್ಲ, ಅದಕ್ಕ ಚೊಲೊ ಗಡಿಯಾರಗಳು ರಾತ್ರಿ ಒಮ್ಮೆ ಎಲ್ಲಾ ಅಂಕಿ ಸುತ್ತು ಹೊಡಿಸಿ ಮೈ ತೊಳಿತಾವು.

ನಿಯಾನ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಕೊಪ್ಪಳದಿಂದ ಬಳ್ಳಾರಿಗೆ ರೈಲಿನ್ಯಾಗ ಹೊಂಟ್ರ ತೋರಣಗಲ್ಲಿನ ಸ್ಟೀಲ್ ಪ್ಲಾಂಟ್ ಕಾಣತೈತಲ್ಲ, ಅಲ್ಲಿ ಗಾಳಿಯನ್ನ ವಿಪರೀತ ತಂಪು ಮಾಡಿ ಆಕ್ಸಿಜನ್ ಬ್ಯಾರೆ ಮಾಡ್ತಾರ, 2021ರ ಕೊರೊನಾದಾಗ ಆಸ್ಪತ್ರಿಗಳಿಗೆ ಟ್ಯಾಂಕರ್ ಹೋಗಿದ್ದು ಅಲ್ಲಿಂದನ. ನಿಯಾನ್ ಹುಟ್ಟೋದೂ ಇಂಥಾ ದೊಡ್ಡ ಗಾಳಿ ಘಟಕದಾಗೇ, ಯಾಕಂದ್ರ ಹತ್ತು ಲಕ್ಷ ಭಾಗ ಗಾಳ್ಯಾಗ ಅದು ಇರೋದು ಬರೇ 18 ಭಾಗ, ಅದೊಂದಕ್ಕಂತ ಯಾರೂ ಗಾಳಿ ಸೋಸಂಗಿಲ್ಲ. 2022ರ ಯುದ್ಧಕ್ಕ ಮುಂಚೆ ಚಿಪ್ ಮಾಡಾಕ ಬೇಕಾದ ಶುದ್ಧ ನಿಯಾನಿನ್ಯಾಗ ಸುಮಾರು ಅರ್ಧ ಉಕ್ರೇನಿನಿಂದ ಬರ್ತಿತ್ತು. ಐಎನ್-18ಕ್ಕ ಬದ್ಲಿ ಅಂತ ಝಡ್‌ಐಎನ್18 ಮಾಡಿದ ಮಿಲ್‌ಕ್ಲಾಕ್‌ನವ್ರೂ ಉಕ್ರೇನಿನವ್ರೇ.

ಈಗ ಅಕ್ರಿಲಿಕ್ ಹಾಳಿ ಮ್ಯಾಲ ಅಂಕಿ ಕೆತ್ತಿ ಅಂಚಿನಿಂದ ಎಲ್‌ಇಡಿ ಬೆಳಕು ಬಿಟ್ಟು ನಿಕ್ಸಿ ಅಂತ ಮಾರ್ತಾರ. ದೂರಿಂದ ಚಂದ ಕಾಣತೈತಿ, ಕರೆಂಟ್ ಹೊಡಿಯೋ ಅಂಜಿಕಿನೂ ಇಲ್ಲ, ತಗೊಳ್ಳೋರು ತಗೊಳ್ಳಲಿ, ಆದ್ರ ನನ್ನ ಮಟ್ಟಿಗೆ ಅದು ನಿಕ್ಸಿ ಅಲ್ಲ, ಅದರಾಗ ಲೋಹದ ಮೈ ಮ್ಯಾಲ ಗ್ಯಾಸ್ ಕೂತು ಉಸಿರಾಡಿದಂಗ ಕಾಣಂಗಿಲ್ಲ.

ನನ್ನ ಬ್ಯಾಸರ ಬ್ಯಾರೆ ಐತಿ. ಹೊಸದಾಗಿ ಮಾಡೋವ್ರು ದೊಡ್ಡ ಟ್ಯೂಬ್ ಮಾಡ್ತಾರ, ಯಾಕಂದ್ರ ಕೈಯಾಗ ಮಾಡಿದ ಒಂದೊಂದಕ್ಕ ಬೀಳೋ ಖರ್ಚು ದುಬಾರಿ ಗಡಿಯಾರದಾಗ ಮಾತ್ರ ಹುಟ್ಟತೈತಿ. ನನ್ನ ಕೌಂಟರಿನಂಥಾ ಉಪಕರಣಕ್ಕ ಬೇಕಾಗಿದ್ದು ಹೆಬ್ಬೆರಳಿನಷ್ಟು ಸಣ್ಣದು, ಹಳೇ ಸೋವಿಯತ್ ಸ್ಟಾಕು ಅಗ್ಗಕ್ಕ ಸಿಗೋ ತನಕ ಅದನ್ನ ಹೊಸದಾಗಿ ಮಾಡೋರು ಲಾಸ್ ಆಗ್ತಾರ. ಆ ಸ್ಟಾಕು ಮುಗಿಯೋದ್ರಾಗ ಈಗ ಗಾಜು ಊದಾಕ ಕಲಿತವ್ರು ಸಣ್ಣದಕ್ಕೂ ಕೈ ಹಾಕ್ಬೇಕು ಅಂತ ನನಗ ಮನಸಾರೆ ಅನಿಸತೈತಿ.

ಕಡೀಕ ನಾನೂ ಒಂದು ಸೋವಿಯತ್ ಟ್ಯೂಬೇ ತರ್ಸಿದೆ. ಕಾಲಿನ ಕ್ರಮ ಹೊಂದ್ಲಿಲ್ಲ, ಹನ್ನೊಂದು ತಂತಿಗೂ ಸ್ಲೀವ್ ಹಾಕಿ ಒಂದೊಂದ ಎಣಿಸಿ ಬೆಸುಗಿ ಹಾಕಿದೆ, ಎರಡು ಸಂಜಿ ಹಿಡೀತು. ಉಳಿದ ಐದಕ್ಕಿಂತ ಅದರ ಬಣ್ಣ ಒಂಚೂರು ನೀಲಿ ಕಡೆ ವಾಲೈತಿ, ಪಾದರಸ ಹೆಚ್ಚಿರಬೇಕು. ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಮನಿ ಕರೆಂಟನ್ನೇ ಕೌಂಟರಿಗೆ ಎಣಿಸಾಕ ಕೊಟ್ಟಿಟ್ಟೀನಿ, ಹೊಲದ ಪಂಪ್‌ಸೆಟ್ಟೆಲ್ಲಾ ಸುರು ಆಗೋ ಹೊತ್ತಿನ್ಯಾಗ 49.9 ಅಂತ ತೋರಿಸಿ, ಸ್ವಲ್ಪ ಹೊತ್ತಿಗೆ ಮತ್ತ 50.0ಕ್ಕ ಬರತೈತಿ.