ನೆಲ ಅಗೆಯದೆ ಹತ್ತು ಪಟ್ಟು ಬ್ಯಾಂಡ್‌ವಿಡ್ತ್

ದೂರದ ಎರಡು ನಗರಗಳ ನಡುವಿನ ಫೈಬರ್ ದಾರಿ ತುಂಬಿಹೋದರೆ ಟೆಲಿಕಾಂ ಕಂಪನಿ ಏನು ಮಾಡುತ್ತದೆ? ಹೊಸ ಕೇಬಲ್ ಹಾಕುತ್ತದೆ ಅಂತ ಸಹಜವಾಗಿ ಅನಿಸುತ್ತದೆ, ಅಲ್ವಾ? ಆದರೆ ಕೇಬಲ್ ಹಾಕುವುದೆಂದರೆ ನೂರಾರು ಕಿಲೋಮೀಟರ್ ನೆಲ ಅಗೆಯಬೇಕು. ದಾರಿಯುದ್ದಕ್ಕೂ ಅನುಮತಿ ಪಡೆಯಬೇಕು. ಜಾಸ್ತಿ ದುಡ್ಡು, ಜಾಸ್ತಿ ಸಮಯ ಹೋಗುವುದೇ ಅಲ್ಲಿ. ಹಾಗಾಗಿ ಕಂಪನಿಗಳು ಸಾಮಾನ್ಯವಾಗಿ ನೆಲದೊಳಗಿನ ಗಾಜನ್ನು ಮುಟ್ಟುವುದಿಲ್ಲ. ಎರಡು ತುದಿಯ ಯಂತ್ರಗಳನ್ನು ಬದಲಿಸುತ್ತವೆ. ಹಿಂದೆ ಒಂದು ಬಣ್ಣದ ಬೆಳಕಿನಲ್ಲಿ ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುತ್ತಿದ್ದ ಎಳೆ, ಅಷ್ಟೇ ಜಾಗದಲ್ಲಿ ಈಗ 100 ಗಿಗಾಬಿಟ್ ಸಾಗಿಸುತ್ತದೆ. ಬೆಳಕಿನ ವೇಗವಂತೂ ಬದಲಾಗಿಲ್ಲ. ಗಾಜಿನಲ್ಲಿ ಅದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್, ಅಂದೂ ಅಷ್ಟೇ, ಇಂದೂ ಅಷ್ಟೇ. ಹಾಗಾದರೆ ಬದಲಾದದ್ದು ಏನು?

ಮೊದಲು ಗಾಜಿನ ವಿಷಯ. ಶುದ್ಧ ಗಾಜಿನ ಎಳೆಯಲ್ಲಿ ಬೆಳಕನ್ನು ದೂರ ಕಳಿಸಬಹುದು ಎಂದು ಚಾರ್ಲ್ಸ್ ಕಾವೊ 1966ರಲ್ಲಿ ತೋರಿಸಿಕೊಟ್ಟರು. ಅದಕ್ಕೆ 2009ರಲ್ಲಿ ನೊಬೆಲ್ ಬಂತು. ಇಂದಿನ ಫೈಬರ್‌ನಲ್ಲಿ 15 ಕಿಲೋಮೀಟರ್ ಹೋದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. 100 ಕಿಲೋಮೀಟರ್ ಹೋದರೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ. ಅದಕ್ಕಾಗಿ ಸುಮಾರು 80 ಕಿಲೋಮೀಟರಿಗೊಂದು ಕಡೆ ಆಂಪ್ಲಿಫೈಯರ್ ಇಟ್ಟು ಬೆಳಕಿಗೆ ಮತ್ತೆ ಬಲ ತುಂಬುತ್ತಾರೆ.

ಈ ಆಂಪ್ಲಿಫೈಯರ್ ಇಲ್ಲದಿದ್ದರೆ ಇಂಥ ಅಪ್‌ಗ್ರೇಡ್ ಸಾಧ್ಯವೇ ಇರುತ್ತಿರಲಿಲ್ಲ. ಮೊದಲೆಲ್ಲ ದಾರಿಯ ಮಧ್ಯೆ ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡಿ, ಬಿಟ್‌ಗಳನ್ನು ಓದಿ, ಮತ್ತೆ ಹೊಸ ಬೆಳಕಾಗಿ ಕಳಿಸಬೇಕಿತ್ತು. ವೇಗ ಬದಲಿಸಿದರೆ ದಾರಿಯ ಪ್ರತಿ ಯಂತ್ರವನ್ನೂ ಬದಲಿಸಬೇಕು. 1980ರ ದಶಕದ ಕೊನೆಯಲ್ಲಿ ಎರ್ಬಿಯಮ್ ಎಂಬ ಲೋಹ ಬೆರೆಸಿದ ಫೈಬರ್ ಆಂಪ್ಲಿಫೈಯರ್ ಬಂತು. ಅದು ಬಿಟ್‌ಗಳನ್ನು ಓದುವುದೇ ಇಲ್ಲ. 1530ರಿಂದ 1565 ನ್ಯಾನೋಮೀಟರ್‌ವರೆಗಿನ ತರಂಗಾಂತರದ ಯಾವ ಬೆಳಕು ಬಂದರೂ ಒಟ್ಟಿಗೇ ಹಿಗ್ಗಿಸುತ್ತದೆ. ಕಣ್ಣಿಗೆ ಕಾಣದ ಈ ಇನ್‌ಫ್ರಾರೆಡ್ ಪಟ್ಟಿಗೆ ಸಿ ಬ್ಯಾಂಡ್ ಎನ್ನುತ್ತಾರೆ. ಅದರೊಳಗೆ ಎಂಬತ್ತು, ತೊಂಬತ್ತು ಬಣ್ಣಗಳನ್ನು ಕೂರಿಸಬಹುದು. ಒಂದೊಂದು ಬಣ್ಣವೂ ಒಂದೊಂದು ಚಾನೆಲ್.

ಈಗ ನಿಜವಾದ ತೊಡಕಿಗೆ ಬರೋಣ. 10 ಗಿಗಾಬಿಟ್ ಕಾಲದಲ್ಲಿ ಕೆಲಸ ಸರಳವಾಗಿತ್ತು. ಟಾರ್ಚ್ ಹೊತ್ತಿಸಿ ಆರಿಸಿದ ಹಾಗೆ, ಬೆಳಕಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಒಂದು ಬಿಟ್‌ಗೆ 100 ಪಿಕೋಸೆಕೆಂಡ್ (ಒಂದು ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಗಾಜಿನೊಳಗೆ ಅದರ ಉದ್ದ ಬರೀ 2 ಸೆಂಟಿಮೀಟರ್. ಆದರೆ ಯಾವ ಸಿಗ್ನಲ್ಲೂ ಒಂದೇ ತರಂಗಾಂತರದ್ದಲ್ಲ. ಅದಕ್ಕೊಂದು ಸಣ್ಣ ಅಗಲವಿರುತ್ತದೆ, ಅದರ ಒಂದು ಅಂಚು ಗಾಜಿನಲ್ಲಿ ಇನ್ನೊಂದಕ್ಕಿಂತ ತುಸು ಬೇಗ ಓಡುತ್ತದೆ. ಇದೇ ಡಿಸ್ಪರ್ಶನ್. ಸಾಮಾನ್ಯ ಫೈಬರ್‌ನಲ್ಲಿ ಒಂದು ನ್ಯಾನೋಮೀಟರ್ ಅಗಲಕ್ಕೆ ಪ್ರತಿ ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್ ಹಿಂದುಮುಂದಾಗುತ್ತದೆ. ಸೊನ್ನೆಯ ಜಾಗಕ್ಕೆ ಒಂದು ಹರಡಿಕೊಳ್ಳುತ್ತದೆ. ಅದನ್ನು ಸರಿಪಡಿಸಲು ಪ್ರತಿ ಆಂಪ್ಲಿಫೈಯರ್ ಬಳಿಯೂ ಉಲ್ಟಾ ಗುಣದ ವಿಶೇಷ ಫೈಬರ್ ಸುರುಳಿ ಇಡುತ್ತಿದ್ದರು.

ಇದೇ ರೀತಿಯಲ್ಲಿ 100 ಗಿಗಾಬಿಟ್ ಕಳಿಸಲು ಹೋದರೆ? ಬಿಟ್ ಹತ್ತು ಪಟ್ಟು ಚಿಕ್ಕದಾಗುತ್ತದೆ, ಸಿಗ್ನಲ್ ಹತ್ತು ಪಟ್ಟು ಅಗಲವಾಗುತ್ತದೆ. ತೊಂದರೆ ನೂರು ಪಟ್ಟು. ಸುಮ್ನೆ ಬೇಗ ಬೇಗ ಹೊತ್ತಿಸಿ ಆರಿಸಿದರೆ ಆಗುವ ಕೆಲಸವಲ್ಲ.

ದಾರಿ ತೋರಿಸಿದ್ದು ಕೊಹೆರೆಂಟ್ ತಂತ್ರ. ಇದರಲ್ಲಿ ಬೆಳಕು ಇದೆಯೋ ಇಲ್ಲವೋ ಎಂದಷ್ಟೇ ನೋಡುವುದಿಲ್ಲ. ರಿಸೀವರ್‌ನೊಳಗೇ ಒಂದು ಲೇಸರ್ ಇರುತ್ತದೆ. ಬಂದ ಬೆಳಕನ್ನು ಅದರ ಜೊತೆ ಬೆರೆಸಿ, ಅಲೆ ಎಷ್ಟು ಎತ್ತರವಿದೆ, ಯಾವ ಹಂತದಲ್ಲಿದೆ, ಯಾವ ದಿಕ್ಕಿನಲ್ಲಿ ಕಂಪಿಸುತ್ತಿದೆ ಎಂದು ಅಳೆಯುತ್ತಾರೆ. ಅಲೆಯ ಹಂತದಲ್ಲಿ ಎರಡು ಬಿಟ್ ಇಡಬಹುದು. ಒಂದಕ್ಕೊಂದು ಲಂಬವಾದ ಎರಡು ಕಂಪನ ದಿಕ್ಕುಗಳಲ್ಲೂ ಹಾಗೆ ಇಟ್ಟರೆ ಒಂದೇ ಸಲಕ್ಕೆ ನಾಲ್ಕು ಬಿಟ್. ಆಗ 100 ಗಿಗಾಬಿಟ್‌ಗೆ, ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳೂ ಸೇರಿ, ಸೆಕೆಂಡಿಗೆ ಸುಮಾರು 3,000 ಕೋಟಿ ಬಡಿತ ಸಾಕು.

ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದರ ಮುಂದಿನ ಭಾಗ. ಡಿಸ್ಪರ್ಶನ್‌ನಿಂದ ಮಾಹಿತಿ ನಾಶವಾಗುವುದಿಲ್ಲ, ಹರಡುತ್ತದೆ ಅಷ್ಟೇ. ಹರಡುವ ರೀತಿಗೆ ಖಚಿತ ಲೆಕ್ಕವಿದೆ. ಅಲೆಯನ್ನು ಪೂರ್ತಿ ಅಳೆದಿದ್ದರೆ ಆ ಲೆಕ್ಕವನ್ನು ಹಿಂದಕ್ಕೆ ಓಡಿಸಬಹುದು! ಸಾವಿರಾರು ಕಿಲೋಮೀಟರಿನ ಕಲಬೆರಕೆಯನ್ನು ಒಂದು ಚಿಪ್ ಬಿಡಿಸಿಬಿಡುತ್ತದೆ. 1980ರ ದಶಕದಲ್ಲೇ ಕೊಹೆರೆಂಟ್ ಬಗ್ಗೆ ಸಂಶೋಧನೆ ನಡೆದಿತ್ತು. ಎರ್ಬಿಯಮ್ ಆಂಪ್ಲಿಫೈಯರ್ ಬಂದ ಮೇಲೆ ಅದು ಹಿಂದೆ ಸರಿಯಿತು. ಚಿಪ್‌ಗಳು ಇಷ್ಟು ವೇಗ ಪಡೆದ ಮೇಲೆ, 2010ರ ಆಸುಪಾಸಿನಲ್ಲಿ, ಮಾರುಕಟ್ಟೆಗೆ ಮರಳಿತು.

ಅಂದರೆ ಹಳೆಯ ಸುರುಳಿಗಳು ಬೇಡ. ಅವು ಬೆಳಕು ತಿನ್ನುತ್ತವೆ, ವಿಳಂಬ ಹೆಚ್ಚಿಸುತ್ತವೆ. ಆದರೆ ತೆಗೆದ ಕೂಡಲೇ ಅದೇ ಎಳೆಯ 10 ಗಿಗಾಬಿಟ್ ಚಾನೆಲ್‌ಗಳು ಸಾಯುತ್ತವೆ, ಅವುಗಳ ಮೇಲೆ ಗ್ರಾಹಕರಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟರೆ ಹಳೆಯ ಚಾನೆಲ್‌ನ ಹೊತ್ತಿ-ಆರುವ ಬೆಳಕು ಪಕ್ಕದ ಹೊಸ ಚಾನೆಲ್‌ನ ಹಂತವನ್ನು ಅಲುಗಾಡಿಸುತ್ತದೆ. ಆಗ ನಡುವೆ ಖಾಲಿ ಜಾಗ ಬಿಡಬೇಕಾಗುತ್ತದೆ. ಹಳೆಯ ಟ್ರಾಫಿಕ್ಕನ್ನು ಹೊಸ ಚಾನೆಲ್‌ಗಳಿಗೆ ಮೊದಲು ಸಾಗಿಸಿ, ಆಮೇಲೆ ಸುರುಳಿ ತೆಗೆಯುವುದೇ ಸರಿಯಾದ ಕ್ರಮ ಎಂಬುದು ನನ್ನ ಅಭಿಪ್ರಾಯ. ನಿಧಾನವಾದರೂ ಪರವಾಗಿಲ್ಲ.

100 ಸಾಲದೆ 200, 400 ಬೇಕೆಂದರೆ ಪ್ರತಿ ಬಡಿತದಲ್ಲೂ ಇನ್ನಷ್ಟು ಬಿಟ್ ತುರುಕಬೇಕು, ಇಲ್ಲವೇ ಚಾನೆಲ್ ಅಗಲ ಮಾಡಬೇಕು. ತುರುಕಿದಷ್ಟೂ ಸ್ವಲ್ಪ ಗದ್ದಲಕ್ಕೇ ಒಂದು ಸಂಕೇತ ಇನ್ನೊಂದರಂತೆ ಕಾಣುತ್ತದೆ, ತಲುಪುವ ದೂರ ಕುಗ್ಗುತ್ತದೆ. ಬೆಳಕಿನ ಬಲ ಹೆಚ್ಚಿಸೋಣ ಅಂದರೆ ಗಾಜೇ ಬದಲಾಗುತ್ತದೆ. ತೀವ್ರ ಬೆಳಕಿನಲ್ಲಿ ಅದರ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಅಳತೆ) ಏರಿ ಸಿಗ್ನಲ್ ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ. ಹಾಗಾಗಿ ಫೈಬರ್‌ಗೆ ಜಾಸ್ತಿಯೂ ಅಲ್ಲದ, ಕಮ್ಮಿಯೂ ಅಲ್ಲದ ಒಂದು ಬಲವಿದೆ. ಎಂಜಿನಿಯರ್‌ಗಳು ಹುಡುಕುವುದು ಅದನ್ನೇ. ಉದ್ದದ ಹಾದಿಯಲ್ಲಿ ನೆಲದ ಫೈಬರ್ರನ್ನೇ ಆಂಪ್ಲಿಫೈಯರ್ ಮಾಡುವ ರಾಮನ್ ಪಂಪ್ ಎಂಬ ಬಲವಾದ ಲೇಸರ್ ನೆರವಾಗುತ್ತದೆ. ಅಷ್ಟು ಬಲದ ಬೆಳಕಿಗೆ ಕನೆಕ್ಟರ್ ತುದಿಯ ಒಂದು ಧೂಳಿನ ಕಣ ಸಿಕ್ಕರೂ ಅದು ಸುಟ್ಟು ಗಾಜನ್ನು ಹಾಳುಮಾಡುತ್ತದೆ.

ಎಲ್ಲ ಹಳೆಯ ಗಾಜೂ ಹೀಗೆ ಒಗ್ಗುವುದಿಲ್ಲ. 1980ರ ದಶಕದಲ್ಲಿ 1550 ನ್ಯಾನೋಮೀಟರ್‌ನಲ್ಲಿ ಡಿಸ್ಪರ್ಶನ್ ಸೊನ್ನೆಯಾಗುವಂಥ ಫೈಬರ್ ತಯಾರಿಸಿದರು. ಒಂದೇ ಬಣ್ಣದ ಕಾಲಕ್ಕೆ ಅದು ಬಹಳ ಒಳ್ಳೆಯದು. ಬಣ್ಣಗಳು ಹಲವಾದಾಗ ಅವೆಲ್ಲ ಸರಿಸಮ ಹೆಜ್ಜೆ ಹಾಕಿ, ಒಂದರೊಡನೊಂದು ಬೆರೆತು, ಯಾರೂ ಕಳಿಸದ ಹೊಸ ಬಣ್ಣಗಳನ್ನು ಹುಟ್ಟಿಸುತ್ತವೆ. ಸಾಮಾನ್ಯ ಫೈಬರ್‌ನಲ್ಲಿ ಡಿಸ್ಪರ್ಶನ್ ಅವನ್ನು ಹೆಜ್ಜೆ ತಪ್ಪಿಸಿ ಈ ಬೆರಕೆಯನ್ನು ತಡೆಯುತ್ತದೆ. ಜಪಾನಿನಲ್ಲಿ ಆ ಸೊನ್ನೆ ಡಿಸ್ಪರ್ಶನ್ ಫೈಬರ್ ಬಹಳಷ್ಟು ಹಾಕಿದ್ದರು. ಅಂಥ ದಾರಿಗಳಲ್ಲಿ ಒಂದೋ 1565 ನ್ಯಾನೋಮೀಟರ್ ಆಚೆಗಿನ ಎಲ್ ಬ್ಯಾಂಡಿಗೆ ಚಾನೆಲ್‌ಗಳನ್ನು ಸರಿಸಬೇಕು, ಇಲ್ಲವೇ ನೆಲ ಅಗೆಯಬೇಕು.