ಗಾಳಿಯ ದರ್ಜೆ, ನೀರಿನ ಎತ್ತರ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕಡಲಂಚಿನಲ್ಲಿ ಪಾಸ್ ಕ್ರಿಶ್ಚಿಯನ್ ಎಂಬ ಪುಟ್ಟ ಊರಿದೆ. 1969ರ ಆಗಸ್ಟ್ 17ರ ರಾತ್ರಿ ಕಮೀಲ್ ಚಂಡಮಾರುತ ಅಲ್ಲಿಗೆ ಅಪ್ಪಳಿಸಿದಾಗ ಸಮುದ್ರ ಸುಮಾರು 24 ಅಡಿ ಮೇಲೇರಿತ್ತು. ಗಾಳಿಯ ವೇಗದ ಲೆಕ್ಕದಲ್ಲಿ ಅದು 5ನೇ ದರ್ಜೆಯ ಚಂಡಮಾರುತ. ಅದಕ್ಕೂ ಮೇಲಿನ ದರ್ಜೆಯೇ ಇಲ್ಲ. 36 ವರ್ಷಗಳ ನಂತರ, 2005ರ ಆಗಸ್ಟ್ 29ರಂದು ಕತ್ರೀನಾ ಬಂತು. ದಡ ಮುಟ್ಟುವ ಹೊತ್ತಿಗೆ ಅದು 3ನೇ ದರ್ಜೆಗೆ ಇಳಿದಿತ್ತು. ಕಮೀಲ್‌ಗೇ ಜಗ್ಗದ ಮನೆ ಇದಕ್ಕೆ ಜಗ್ಗೀತೇ ಎಂದುಕೊಂಡ ಹಲವರು ಮನೆ ಬಿಟ್ಟು ಕದಲಲಿಲ್ಲ. ಈ ಸಲ ನೀರು ಏರಿದ್ದು ಸುಮಾರು 28 ಅಡಿ. ಕಮೀಲ್ 1969ರಲ್ಲಿ ಕೊಂದದ್ದಕ್ಕಿಂತ 2005ರಲ್ಲಿ ಕೊಂದದ್ದೇ ಹೆಚ್ಚು ಎಂಬ ಮಾತು ಆಮೇಲೆ ಆ ಕರಾವಳಿಯಲ್ಲಿ ಹುಟ್ಟಿಕೊಂಡಿತು.

ದರ್ಜೆ ಇಳಿದರೂ ನೀರು ಏರಿದ್ದು ಹೇಗೆ? ಅಟ್ಲಾಂಟಿಕ್‌ನಲ್ಲಿ ಹರಿಕೇನ್, ನಮ್ಮ ಅರಬ್ಬೀ ಸಮುದ್ರದಲ್ಲಿ ಸೈಕ್ಲೋನ್ ಎನ್ನುವುದು ಒಂದೇ ಬಗೆಯ ಯಂತ್ರ. ಕನಿಷ್ಠ 26.5 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರುವ ಕಡಲಿನಿಂದ ಎದ್ದ ಆವಿ ಮೇಲೆ ತಣಿದು ಮೋಡವಾಗುವಾಗ ಬಿಟ್ಟುಕೊಡುವ ಶಾಖವೇ ಅದರ ಇಂಧನ. ನಡುವೆ ಒತ್ತಡ ಕುಸಿಯುತ್ತದೆ, ಸುತ್ತಲಿನ ಗಾಳಿ ಸುತ್ತುತ್ತ ಒಳನುಗ್ಗುತ್ತದೆ. ಒತ್ತಡ ಒಂದು ಮಿಲಿಬಾರ್ ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಉಬ್ಬುತ್ತದೆ. ಸಾಮಾನ್ಯವಾಗಿ ಸುಮಾರು 1013 ಮಿಲಿಬಾರ್ ಇರುವ ಒತ್ತಡ ಕತ್ರೀನಾ ದಡ ಮುಟ್ಟಿದಾಗ ನಡುವಿನಲ್ಲಿ 920 ಇತ್ತು. ಅಂದರೆ ಈ ಲೆಕ್ಕದಲ್ಲಿ ನೀರು ಏರಬೇಕಾದದ್ದು ಮೂರೇ ಅಡಿ. ಉಳಿದದ್ದರಲ್ಲಿ ಬಹುಪಾಲು ಗಾಳಿ ತಳ್ಳಿಕೊಂಡು ತಂದ ನೀರು.

ಆಳದ ಕಡಲಿನಲ್ಲಿ ಹೀಗೆ ತಳ್ಳಿಸಿಕೊಂಡ ನೀರು ತಳದಿಂದ ಹಿಂದಕ್ಕೆ ಹರಿದು ಹೋಗಬಲ್ಲದು. ಮಿಸಿಸಿಪ್ಪಿಯ ಮುಂದಿನ ಕಡಲು ಬಹುದೂರದವರೆಗೆ ಆಳವಿಲ್ಲದ್ದು. ಅಲ್ಲಿ ನೀರಿಗೆ ಊರೊಳಗೆ ನುಗ್ಗುವುದೊಂದೇ ದಾರಿ. ಜೊತೆಗೆ ಕತ್ರೀನಾ ಕಮೀಲ್‌ಗಿಂತ ಬಹಳ ಅಗಲವಾಗಿತ್ತು. ಹಿಂದಿನ ದಿನ, 5ನೇ ದರ್ಜೆಯಲ್ಲಿದ್ದಾಗ, ಎಬ್ಬಿಸಿದ ಅಲೆಗಳು ಗಾಳಿ ತಗ್ಗಿದ ಮೇಲೂ ಬರುತ್ತಲೇ ಇದ್ದವು. ಇನ್ನು, ಉತ್ತರ ಗೋಳಾರ್ಧದಲ್ಲಿ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಉತ್ತರಕ್ಕೆ ಸಾಗುವಾಗ ಅದರ ಬಲಭಾಗದ ಗಾಳಿ ಕಡಲಿನಿಂದ ನೆಲದತ್ತ ಬೀಸುತ್ತದೆ. ಪಾಸ್ ಕ್ರಿಶ್ಚಿಯನ್ ಇದ್ದದ್ದು ಆ ಬಲಭಾಗದಲ್ಲೇ.

ದರ್ಜೆಯ ಅಳತೆಗೋಲು 1970ರ ದಶಕದ ಆರಂಭದಲ್ಲಿ ಬಂತು. ಎಂಜಿನಿಯರ್ ಹರ್ಬರ್ಟ್ ಸಫಿರ್ ಮತ್ತು ಹವಾಮಾನ ತಜ್ಞ ರಾಬರ್ಟ್ ಸಿಂಪ್ಸನ್ ಅದನ್ನು ರೂಪಿಸಿದವರು. ಗಂಟೆಗೆ 119 ಕಿ.ಮೀ. ಗಾಳಿಯಿದ್ದರೆ 1ನೇ ದರ್ಜೆ, 252 ಮುಟ್ಟಿದರೆ 5ನೆಯದು. ಮೊದಲು ಪ್ರತಿ ದರ್ಜೆಯ ಎದುರು ನೀರಿನ ಎತ್ತರವನ್ನೂ ಬರೆಯುತ್ತಿದ್ದರು. 2008ರಲ್ಲಿ ಐಕ್ ಚಂಡಮಾರುತ ಬರೀ 2ನೇ ದರ್ಜೆಯಲ್ಲಿ ಬಂದು ಟೆಕ್ಸಾಸ್‌ನ ಬೊಲಿವರ್ ಪರ್ಯಾಯ ದ್ವೀಪದ ಮೇಲೆ 15ರಿಂದ 20 ಅಡಿ ನೀರು ಹರಿಸಿತು. 2010ರಲ್ಲಿ ನೀರಿನ ಎತ್ತರವನ್ನು ಪಟ್ಟಿಯಿಂದ ತೆಗೆದೇಬಿಟ್ಟರು. ನನ್ನ ಪ್ರಕಾರ ಅದು ಸರಿಯಾದ ಕೆಲಸವೇ. ಆದರೆ ಜನರ ಕಿವಿಗೆ ಇಂದಿಗೂ ಮೊದಲು ಬೀಳುವುದು ದರ್ಜೆಯೇ, ಉಳಿಯಬೇಕೋ ಹೊರಡಬೇಕೋ ಎಂದು ಹಲವರು ತೀರ್ಮಾನಿಸುವುದೂ ಅದನ್ನೇ ನೋಡಿ. 1963ರಿಂದ 2012ರವರೆಗೆ ಅಮೆರಿಕದಲ್ಲಿ ಚಂಡಮಾರುತಗಳು ನೇರವಾಗಿ ಬಲಿ ಪಡೆದವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಸತ್ತದ್ದು ನೀರಿನಿಂದ.

ಗಾಳಿಯಿಂದ ಮನೆ ಉಳಿಸಿಕೊಳ್ಳಲು ದಾರಿಗಳಿವೆ. ಕಿಟಕಿಗೆ ಟೇಪ್ ಅಂಟಿಸುವುದು ವ್ಯರ್ಥ; ಗಾಜು ಇನ್ನೂ ದೊಡ್ಡ ಚೂರುಗಳಾಗಿ ಹಾರುತ್ತದೆ. ಕಬ್ಬಿಣದ ಶಟರ್ ಇಲ್ಲದಿದ್ದರೆ ಮುಕ್ಕಾಲು ಇಂಚಿಗೆ ಹತ್ತಿರದ ದಪ್ಪ ಪ್ಲೈವುಡ್ಡನ್ನು ಗೋಡೆಗೆ ಬಿಗಿಯಬೇಕು. ಅಗಲವಾದ ಗ್ಯಾರೇಜ್ ಬಾಗಿಲು ಸಾಮಾನ್ಯವಾಗಿ ಬೇಗ ಮುರಿಯುವ ಜಾಗ. ಅಲ್ಲಿಂದ ಒಳನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ನೀರಿನ ಮುಂದೆ ಇದಾವುದೂ ನಡೆಯುವುದಿಲ್ಲ. ಒಂದು ಘನಮೀಟರ್ ಸಮುದ್ರದ ನೀರು ಒಂದು ಟನ್‌ಗೂ ಹೆಚ್ಚು ತೂಗುತ್ತದೆ. ಅದಕ್ಕೇ ಫ್ಲಾರಿಡಾದಂಥ ರಾಜ್ಯಗಳಲ್ಲಿ ನೀರು ನುಗ್ಗುವ ಸಾಧ್ಯತೆ ನೋಡಿ ಊರುಗಳನ್ನು ಎ, ಬಿ, ಸಿ ಎಂದು ವಲಯಗಳಾಗಿ ಗುರುತಿಸಿದ್ದಾರೆ. ತನ್ನ ಮನೆ ಯಾವ ವಲಯದಲ್ಲಿದೆ ಎಂಬುದು ಬಿರುಗಾಳಿಯ ಕಾಲ ಶುರುವಾಗುವ ಜೂನ್‌ಗೆ ಮೊದಲೇ ಗೊತ್ತಿರಬೇಕು.

ಹಾಗೆಂದು ಎಲ್ಲರೂ ಹೊರಡುವುದೂ ಅಪಾಯವೇ. ಕತ್ರೀನಾ ಕಂಡು ಬೆದರಿದ್ದ ಹ್ಯೂಸ್ಟನ್ ಸುತ್ತಲಿನ 20 ಲಕ್ಷಕ್ಕೂ ಹೆಚ್ಚು ಜನ ಮರು ತಿಂಗಳೇ ರೀಟಾ ಬರುತ್ತದೆಂದು ರಸ್ತೆಗಿಳಿದರು. ಎತ್ತರದ ಜಾಗದಲ್ಲಿದ್ದವರ ಕಾರುಗಳೂ ಸೇರಿ ಹೆದ್ದಾರಿ ಕಟ್ಟಿಕೊಂಡಿತು. ಸುಡು ಬಿಸಿಲಲ್ಲಿ ಇಂಧನ ಮುಗಿಯಿತು. ವೃದ್ಧಾಶ್ರಮದವರನ್ನು ಒಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಬಿದ್ದು 23 ಮಂದಿ ತೀರಿಹೋದರು. ನೀರು ಬರುವ ವಲಯದವರು, ಹಗುರ ಮನೆಗಳಲ್ಲಿರುವವರು ಹೊರಡಬೇಕು; ಗಟ್ಟಿ ಮನೆಯಲ್ಲಿ, ಎತ್ತರದಲ್ಲಿರುವವರು ಅವರಿಗೆ ದಾರಿ ಬಿಡಬೇಕು. ಹೊರಡುವವರೂ ನೂರಾರು ಮೈಲಿ ಹೋಗಬೇಕಿಲ್ಲ, ವಲಯದಾಚೆಯ ಗಟ್ಟಿ ಕಟ್ಟಡ ಸಾಕು.

ಟಿವಿಯಲ್ಲಿ ಕಾಣುವ ಶಂಕುವಿನಾಕಾರದ ನಕ್ಷೆಯೂ ಜನರನ್ನು ದಾರಿ ತಪ್ಪಿಸುತ್ತದೆ. ಅದು ಚಂಡಮಾರುತದ ಅಗಲವಲ್ಲ, ಅದರ ಕೇಂದ್ರ ಎಲ್ಲಿ ಹಾದುಹೋಗಬಹುದು ಎಂಬ ಅಂದಾಜು. ಮೂರರಲ್ಲಿ ಒಂದು ಸಲ ಕೇಂದ್ರವೇ ಆ ಗೆರೆ ದಾಟಿ ಹೋಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಇಯನ್ ಬರುವಾಗ ಎಲ್ಲರ ಕಣ್ಣು ಫ್ಲಾರಿಡಾದ ಟ್ಯಾಂಪಾ ನಗರದ ಮೇಲಿತ್ತು. ಅದು ಬಲಕ್ಕೆ ಸರಿದು ದಕ್ಷಿಣದಲ್ಲಿ ದಡ ಮುಟ್ಟಿತು. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ 10ರಿಂದ 15 ಅಡಿ ನೀರು ನಿಂತರೆ, ಎಡಭಾಗಕ್ಕೆ ಬಿದ್ದ ಟ್ಯಾಂಪಾ ಕೊಲ್ಲಿಯ ನೀರನ್ನು ಗಾಳಿ ಕಡಲಿಗೆ ತಳ್ಳಿ ಕೆಸರು ಕಾಣುವಂತೆ ಮಾಡಿತು.

2020ರ ಆಗಸ್ಟ್‌ನಲ್ಲಿ ಲಾರಾ 4ನೇ ದರ್ಜೆಯಲ್ಲೇ ಲೂಯಿಸಿಯಾನಕ್ಕೆ ಬಡಿಯಿತು. ತಗ್ಗಿನ ಊರುಗಳವರು ಮೊದಲೇ ಹೊರಟುಹೋಗಿದ್ದರು. ಅಲ್ಲಿ ಸಮುದ್ರದ ನೀರಿಗಿಂತ ಹೆಚ್ಚು ಜನರನ್ನು ಕೊಂದದ್ದು ಕರೆಂಟ್ ಹೋದ ಮೇಲೆ ಹಚ್ಚಿಕೊಂಡ ಜನರೇಟರ್‌ಗಳ ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ್ದವರು ಏಳುವುದೇ ಇಲ್ಲ. ಗ್ಯಾರೇಜಿನ ಬಾಗಿಲು ತೆರೆದಿಟ್ಟರೂ ಸಾಲದು. ಯಂತ್ರ ಮನೆಯಿಂದ ಕನಿಷ್ಠ 20 ಅಡಿ ದೂರದ ಬಯಲಲ್ಲಿರಬೇಕು, ಹೊಗೆಯ ಕೊಳವೆ ಕಿಟಕಿಗಳಿಗೆ ಬೆನ್ನು ಮಾಡಿರಬೇಕು.